ಮೇಜಿನ ಕೆಳಗಿನ ರಿಪೇರಿ

ಗಂಡಿನ ಕಡೆಯವರು ವಿಡಿಯೋ ಕರೆ ಮಾಡುವ ಹೊತ್ತಾಗಿತ್ತು. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎನ್ನುತ್ತಿತ್ತು. ಮದುವೆಯೇ ಬೇಡವೆನ್ನುತ್ತಿದ್ದ ಮಂದಾಕಿನಿ ತಾನೇ ಕೇಬಲ್ ಕಿತ್ತು, ಈಗ ಸರಿಪಡಿಸುವ ನೆಪದಲ್ಲಿ ಮೇಜಿನ ಕೆಳಗೆ ಕೂತಿದ್ದಳು.

“ಏನಾದ್ರೂ ಗೊತ್ತಾಯ್ತೇನೇ?” ರೇಷ್ಮೆ ಪಂಚೆಯಲ್ಲಿ ಬೆವೆತುಹೋಗಿದ್ದ ಅಪ್ಪ ಬಗ್ಗಿ ಕೇಳಿದರು.

“ಪೂರ್ತಿ ಕೆಟ್ಟುಹೋಗಿದೆ ಅಪ್ಪ. ಇವತ್ತು ಬೇಡ ಅಂದ್ಬಿಡಿ.”

ಅಷ್ಟರಲ್ಲಿ ಗಂಡಿನ ತಾಯಿಯ ಫೋನ್ ಬಂತು. ಅಪ್ಪ ಸ್ಪೀಕರ್ ಹಾಕಿದರು.

“ತಪ್ಪು ತಿಳ್ಕೋಬೇಡಿ ರಾಯರೇ, ನಮ್ಮ ಕಂಪ್ಯೂಟರಲ್ಲೂ ಏನೂ ಕಾಣ್ತಿಲ್ಲ. ಮಗ ಆಗ್ಲಿಂದ ಮೇಜಿನ ಕೆಳಗೇ ಕೂತಿದಾನೆ. ಪೂರ್ತಿ ಕೆಟ್ಟಿದೆ, ಇವತ್ತು ಬೇಡ ಅಂತಾನೆ.”

ಮಂದಾಕಿನಿಗೆ ಮೊದಲ ಸಲ ಆ ಹುಡುಗನ ಮುಖ ನೋಡಬೇಕೆನ್ನಿಸಿತು.

“ಅಪ್ಪಾ, ನಮ್ಮದು ಸರಿಹೋಯ್ತು,” ಎಂದು ಕೆಳಗಿನಿಂದಲೇ ಕೂಗಿದಳು, “ಅವರಿಗೂ ಕೇಬಲ್ ವಾಪಸ್ ಸಿಕ್ಕಿಸೋಕೆ ಹೇಳಿ!”