ಬಿರಿಯಾನಿಗೆ ಬಿದ್ದ ಕೋರ್ಟ್ ಸೀಲು

ಬಿರಿಯಾನಿ ದಮ್ಮಿಗೆ ಬಿದ್ದು ಮುಚ್ಚಳದ ಸುತ್ತ ಹಿಟ್ಟು ಮೆತ್ತಿದ್ದೇ ತಡ, ಮರಳೂರಿನ ಮದುವೆಮನೆ ಮುಂದೆ ಕೋರ್ಟಿನ ಅಮೀನ ಪುಟ್ಟರಂಗಯ್ಯ ಸೈಕಲ್ಲಿನಿಂದ ಇಳಿದ. ಚೀಲದಲ್ಲಿ ಜಪ್ತಿಯ ವಾರಂಟು, ಅರಗು, ಮೊಹರು. ಅವನ ಹಿಂದೆಯೇ ಜಟಕಾದಿಂದ ಹಜರಾ ಬೀ ಇಳಿದಳು. ಮದುಮಗಳು ಬಾನುವಿನ ಚಿಕ್ಕಮ್ಮ ಅವಳು. ಆದರೂ ಅವಳನ್ನು ಯಾರೂ ಕರೆದಿರಲಿಲ್ಲ.

ಕರೆಯುವುದಾದರೂ ಹೇಗೆ? ಮದುಮಗಳ ತಂದೆ ಗುಲಾಮ್ ನಬಿ, ಹಜರಾಳ ಗಂಡನ ಅಣ್ಣ. ಅಣ್ಣತಮ್ಮ ಇಬ್ಬರೂ ಕೂಡಿ ಗುಬ್ಬಿಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ನಡೆಸಿದ್ದರು. ತಮ್ಮ ತೀರಿಕೊಂಡ ಮೇಲೆ ಅಣ್ಣನಿಗೆ ಇದ್ದಕ್ಕಿದ್ದಂತೆ ದಾನಬುದ್ಧಿ ಹುಟ್ಟಿತು. ಇಡೀ ಅಂಗಡಿಯನ್ನು ಅಪ್ಪನ ಹೆಸರಿನ ಟ್ರಸ್ಟಿಗೆ ಬರೆದ, ಟ್ರಸ್ಟಿಗೆ ತಾನೇ ಅಧ್ಯಕ್ಷನಾದ, ವರ್ಷ ತುಂಬುವುದರೊಳಗೆ ಟ್ರಸ್ಟು ದಿವಾಳಿ ಎಂದು ಕೈ ಕೊಡವಿದ. ಗಂಡನ ಪಾಲು ಕೇಳಿ ಹಜರಾ ಕೇಸು ಹಾಕಿದರೆ, ತಮ್ಮ ಪಾಲುದಾರನೇ ಅಲ್ಲ, ಸಂಬಳಕ್ಕಿದ್ದ, ಪಾತ್ರೆಯೆಲ್ಲ ಮಾರಿಹೋಯಿತು ಎಂದು ತುಮಕೂರಿನ ಕೋರ್ಟಿನಲ್ಲಿ ಪ್ರಮಾಣವನ್ನೂ ಮಾಡಿದ. ಇದರಲ್ಲಿ ಮೋಸದ ವಾಸನೆ ಹಿಡಿದ ಜಡ್ಜ್ ಸಾಹೇಬರು, ಕೇಸು ಮುಗಿಯುವ ತನಕ ಅಂಗಡಿಯ ಸಾಮಾನು ಕಂಡಲ್ಲಿ ಜಪ್ತಿ ಮಾಡಿ ಎಂದರು, ಅದನ್ನು ನೋಡಿಕೊಳ್ಳಲು ಹಜರಾ ಬೀಯನ್ನೇ ರಿಸೀವರ್ ಮಾಡಿದರು. ಆದರೆ ಗಂಡ ಪಾಲುದಾರ ಎನ್ನುವುದು ರುಜುವಾತಾಗದೆ ಕೇಸು ಗೆಲ್ಲುವಂತಿರಲಿಲ್ಲ. ಅವಳ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಸಾಮಾನು ಕಾಣಬೇಕಲ್ಲ? ಪುಟ್ಟರಂಗಯ್ಯ ಗುಬ್ಬಿಯ ಗೋಡೌನಿಗೆ ಹೋದಾಗಲೆಲ್ಲ ಇಲಿಗಳೇ ಎದುರುಗೊಂಡವು. ಪಾತ್ರೆಗಳು ಊರ್ಡಿಗೆರೆಯಲ್ಲಿ ಪರಿಚಯದವರ ಹುಲ್ಲಿನ ಮೆದೆಯೊಳಗೆ ತಣ್ಣಗೆ ಮಲಗಿದ್ದವು. ಅಲ್ಲೇ ಮಲಗಿರಬಹುದಿತ್ತು. ಆದರೆ ಸೀಮೆಗೆಲ್ಲ ಪಾತ್ರೆ ಕೊಟ್ಟವನು ತನ್ನ ಮಗಳ ಮದುವೆಗೆ ಎದುರಂಗಡಿ ಜಹೀರ್ ಅಹಮದನ ಮುಂದೆ ಹೋಗಿ ನಿಲ್ಲುವುದೇ? ಗುಲಾಮ್ ನಬಿಗೆ ಅದೊಂದು ಸಹಿಸಲಾಗಲಿಲ್ಲ. ಬಿರಿಯಾನಿಯ ದೊಡ್ಡ ಡೇಗುಗಳು ಹಿಡಿಕೆಯಲ್ಲಿ ಇನ್ನೂ ಹುಲ್ಲು ಸಿಕ್ಕಿಸಿಕೊಂಡೇ ಒಲೆ ಏರಿದವು. ಮದುವೆ ಹತ್ತಿರ ಬಂದರೂ ಪಾತ್ರೆ ಕೇಳಲು ಯಾರೂ ಬಾರದ್ದನ್ನು ಕಂಡ ಜಹೀರ್ ಅಹಮದನಿಗೆ ಒಳಗುಟ್ಟು ಹೊಳೆಯಿತು. ಅವನೇ ಹಜರಾಳಿಗೆ ಸುದ್ದಿ ಮುಟ್ಟಿಸಿದ.

ಅಮೀನನನ್ನು ಕಂಡ ಗುಲಾಮ್ ನಬಿ ಮೊದಲು ಇವು ಬಾಡಿಗೆ ಪಾತ್ರೆ ಎಂದ. ಪುಟ್ಟರಂಗಯ್ಯ ಡೇಗಿನ ಕಂಠಕ್ಕೆ ಅಂಟಿದ್ದ ಮಸಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿದ. ಕೆಳಗೆ ಅಂಗಡಿಯ ಹೆಸರು ಫಳಫಳ ಹೊಳೆಯಿತು. ಗುಲಾಮ್ ನಬಿ ಮಾತು ಬದಲಿಸಿ, ಮನೆಯ ಅಡುಗೆ ಪಾತ್ರೆ ಜಪ್ತಿ ಮಾಡುವಂತಿಲ್ಲ, ಕಾನೂನಿದೆ ಎಂದ. ಕಾನೂನೇನೋ ಇತ್ತು.

“ಮನೇಲಿ ಎಷ್ಟು ಜನ ಇದೀರಾ ಸಾಬ್ರೇ?”

“ನಾಲ್ಕು ಜನ.”

ನಾಲ್ವರೂ ಒಟ್ಟಿಗೆ ಕೂತು ಸ್ನಾನ ಮಾಡಬಹುದಾದಂಥ ಆ ಡೇಗನ್ನು ಪುಟ್ಟರಂಗಯ್ಯ ಒಮ್ಮೆ ನೋಡಿ, ಅರಗು ಕಾಯಿಸಿದ. ಮುಚ್ಚಳಕ್ಕೆ ಮೆತ್ತಿದ್ದ ಹಿಟ್ಟಿನ ಮೇಲೆ ಕೆಂಪಗೆ ಕೋರ್ಟಿನ ಮೊಹರು ಬಿತ್ತು.

ಈಗ ಪೇಚಾಟ ಶುರುವಾಯಿತು. ಕುಣಿಗಲಿನ ಬೀಗರು ಕೈ ತೊಳೆದು ಸಾಲಾಗಿ ಕೂತಿದ್ದರು. ಸೀಲು ಒಡೆದರೆ ಜೈಲು, ಒಡೆಯದಿದ್ದರೆ ಬೀಗರು ಎದ್ದು ಹೋಗುತ್ತಾರೆ. ಅಡುಗೆ ಭಟ್ಟಿಯವನು ಅನ್ನ ಮುದ್ದೆಯಾಗುತ್ತದೆಂದು ತಲೆ ಚಚ್ಚಿಕೊಂಡ. ಶನಿವಾರ ಮಾಂಸ ಮುಟ್ಟದ ಪುಟ್ಟರಂಗಯ್ಯ ಆ ಘಮ ತಾಳಲಾರದೆ ಮೂಗಿಗೆ ಟವೆಲ್ ಒತ್ತಿಕೊಂಡು, ತಾನು ಮಾಡುವಂಥದ್ದೇನೂ ಇಲ್ಲ, ರಿಸೀವರಮ್ಮ ಒಪ್ಪಿದರೆ ಸೀಲು ತೆಗೆಯುತ್ತೇನೆ ಎಂದ.

ಗುಲಾಮ್ ನಬಿ ಶೇರ್ವಾನಿಯಲ್ಲಿ ಬೆವರುತ್ತ ಹಜರಾಳ ಮುಂದೆ ಬಂದು ನಿಂತ. “ಬಾನು ನಿನ್ನ ಮಡಿಲಲ್ಲೇ ಬೆಳೆದೋಳು, ಹಜರಾ.”

ಹಜರಾಳ ಕಣ್ಣು ತುಂಬಿತು. ಬಾನು ಎಂದರೆ ಅವಳಿಗೆ ಜೀವ. “ಅದಕ್ಕೇ ಕೊಡ್ತೀನಿ, ಭಾಯ್‌ಸಾಬ್. ಆದ್ರೆ ನಮ್ಮ ಅಂಗಡಿ ಪದ್ಧತಿ ಗೊತ್ತಲ್ಲ, ಪಾತ್ರೆ ತಗೊಂಡೋರೇ ಉಜ್ಜಿ ವಾಪಸ್ ಕೊಡ್ಬೇಕು. ಆಳುಗಳ ಕೈಲಿ ಅಲ್ಲ, ನೀವೇ.”

ಸೀಲು ಒಡೆಯಿತು, ಹಬೆ ಎದ್ದಿತು, ಬೀಗರು ಮೂರು ಮೂರು ಸಲ ಹಾಕಿಸಿಕೊಂಡು ಉಂಡರು. ಬಾನುವಿನ ಬಾಯಿಗೆ ಹಜರಾಳೇ ತುತ್ತಿಟ್ಟಳು. ಸಾಮಾನು ವಶಕ್ಕೆ ಕೊಡುವ ತನಕ ಹೋಗುವಂತಿಲ್ಲದ ಪುಟ್ಟರಂಗಯ್ಯ ಬಾಳೆಹಣ್ಣು ತಿಂದುಕೊಂಡು ಕೂತ.

ಸಂಜೆ ಹಿತ್ತಿಲಿನಲ್ಲಿ ಗುಲಾಮ್ ನಬಿ ಬನಿಯನ್ನಿನಲ್ಲಿ, ಅಡ್ಡ ಮಲಗಿಸಿದ ಡೇಗಿನೊಳಗೆ ಸೊಂಟದವರೆಗೂ ನುಗ್ಗಿ ಉಜ್ಜುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಕಾಲು ಮಾತ್ರ. ಹಜರಾ ಬೀ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತ, ತಳ ಇನ್ನೂ ಕಪ್ಪಗಿದೆ ಎಂದು ತೋರಿಸಿದಳು. ಅವನಿಗೆ ರೇಗಿಹೋಯಿತು. ಡೇಗಿನೊಳಗಿಂದ ಅವನ ದನಿ ಇಡೀ ಬೀದಿಗೆ ಕೇಳಿಸಿತು.

“ಅಂಗಡೀಲಿ ಅರ್ಧ ಪಾಲು ನಿನ್ನ ಗಂಡಂದೂ ಇತ್ತಲ್ಲ, ಬಂದು ನೀನೂ ಉಜ್ಜು.”

ಹಜರಾ ಬೀ ಎದ್ದು ಸೆರಗು ಸಿಕ್ಕಿಸಿ, ಒಂದು ಹಿಡಿ ಬೂದಿ ತೆಗೆದುಕೊಂಡಳು.

“ಬಂದೆ, ಭಾಯ್‌ಸಾಬ್. ಅಮೀನ್ರೇ, ಮೊದಲು ಅದನ್ನ ಬರ್ಕೊಳ್ಳಿ.”