ಅರ್ಧ ಗಂಟೆ

ಟೀಚರು ರಟ್ಟಿನ ಗಡಿಯಾರದ ಮುಳ್ಳು ತಿರುಗಿಸಿ, "ಈ ವರ್ಷ ನಿಮ್ಮ ಮಕ್ಕಳು ಟೈಮ್ ನೋಡೋದು ಕಲೀತಾರೆ" ಎಂದಾಗ, ಮಕ್ಕಳ ಬೆಂಚುಗಳಲ್ಲಿ ಮೈ ಮುದುಡಿ ಕೂತಿದ್ದ ಎರಡನೇ ತರಗತಿಯ ಪೋಷಕರೆಲ್ಲ ಚಪ್ಪಾಳೆ ತಟ್ಟಿದರು.

"ತಡವಾಗಿ ಬಂದ್ರೆ ಕೇಳೋಕೆ ಮನೇಲಿ ಒಬ್ಬಳಿದ್ಲು, ಇನ್ಮೇಲೆ ಇಬ್ರು!" ಎಂದು ಒಬ್ಬ ಅಪ್ಪ ಹಣೆ ಚಚ್ಚಿಕೊಂಡ. ಎಲ್ಲರೂ ನಕ್ಕರು.

ಆಸ್ಪತ್ರೆಯಲ್ಲಿ ನೆಲ ಒರೆಸುವ ತಾಯಿಯೊಬ್ಬಳು ಮಾತ್ರ ನಗಲಿಲ್ಲ. ದಿನಾ ಸಂಜೆ "ಅರ್ಧ ಗಂಟೇಲಿ ಬಂದ್ಬಿಡ್ತೀನಿ ಕಂದಾ" ಎಂದು ಮಗಳೊಬ್ಬಳನ್ನೇ ಒಳಗೆ ಬಿಟ್ಟು, ಬೀಗ ಹಾಕಿಕೊಂಡು ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಮರಳುವಷ್ಟರಲ್ಲಿ ಐದಾರು ಗಂಟೆ ಕಳೆದಿರುತ್ತಿತ್ತು. ಅರ್ಧ ಗಂಟೆಯೆಂದರೆ ಅಷ್ಟು ಉದ್ದವೇ ಎಂದು ಮಗು ನಂಬಿತ್ತು.

ಬೆಂಚುಗಳು ಖಾಲಿಯಾದ ಮೇಲೆ ಅವಳು ಟೀಚರ ಹತ್ತಿರ ಬಂದಳು. "ಮಗ್ಗಿ ಬೇಕಾದ್ರೆ ಇಪ್ಪತ್ತರವರೆಗೂ ಬಾಯಿಪಾಠ ಮಾಡ್ಸಿ ಮಿಸ್. ಗಡಿಯಾರ ಒಂದನ್ನ ಮಾತ್ರ ಮುಂದಿನ ವರ್ಷ ಕಲಿಸಿದ್ರೆ ಆಗಲ್ವಾ?"