ಮೂವತ್ತೆರಡನೆಯ ಮನೆ

ಬೀಗದ ಕೈಯನ್ನು ಬಡಗಿಯ ಅಂಗೈಯಲ್ಲಿಟ್ಟ ಮರುಗಳಿಗೆಯೇ ಟೈಲರಮ್ಮ ಆ ಮಾತನ್ನೂ ಹೇಳಿಬಿಟ್ಟಳು. "ಇದು ನಿಮ್ಮ ಮನೆ ಅಣ್ಣ, ಮೂವತ್ತೊಂದನೇದು. ಇನ್ನು ಮೂರು ತಿಂಗಳಲ್ಲಿ ನೀವು ಮೂವತ್ತೆರಡನೇದು ಕಟ್ಟಬೇಕು. ನಿಮಗಲ್ಲ, ನಿಮ್ಮ ಹಿಂದೆ ಬರೋರಿಗೆ."

ಬಡಗಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆಂಟು ವರ್ಷ ಅವನು ಮಾಡಿದ್ದೇ ಅದು. ಕಂಡಕಂಡವರ ಬಾಗಿಲು, ಕಿಟಕಿ, ಕಪಾಟು ಎಲ್ಲ ಮಾಡಿಕೊಟ್ಟು, ಕೆಲಸದ ಶೆಡ್ಡು ಮುಚ್ಚಿದ ಮೇಲೆ ಎರಡು ವರ್ಷ ಮೇಲ್ಸೇತುವೆಯ ಕೆಳಗೆ ರಟ್ಟು ಹಾಸಿಕೊಂಡು ಕಳೆದಿದ್ದ. ಮನೆಯಿಲ್ಲದವರೇ ಸೇರಿ ಕಟ್ಟಿಕೊಂಡು, ತಾವೇ ನಡೆಸುವ ಹಳ್ಳಿಯೊಂದಿದೆ, ಅಲ್ಲಿ ಧಣಿಯಿಲ್ಲ ದೊರೆಯಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ಬಂದರೆ ಇಲ್ಲೂ ಅದೇ ರಾಗ!

"ಯಾರಮ್ಮಾ ಈ ಕಾನೂನು ಮಾಡಿದ್ದು? ಕರೀರಿ ಅವರನ್ನ."

"ನಾವೇ. ಇಲ್ಲಿರೋ ಮೂವತ್ತು ಮನೆಯವರೂ ಸಭೆ ಕೂತು ಒಪ್ಪಿಕೊಂಡಿದ್ದು. ಸರಿಯಿಲ್ಲ ಅನ್ನಿಸಿದ್ರೆ ಭಾನುವಾರದ ಸಭೇಲಿ ಎದ್ದು ಹೇಳಿ. ನಿಮಗೂ ಒಂದು ವೋಟಿದೆ."

ಸಿಟ್ಟಿಗೆ ಎದುರುಮಾತು ಸಿಗದಿದ್ದರೆ ಅದು ಎಲ್ಲಿಯಾದರೂ ಇಳಿಯಲೇಬೇಕಲ್ಲ. ಬಡಗಿ ಒಳಹೊಕ್ಕು ಮನೆಯ ಮೇಲೆ ಅದನ್ನು ತೀರಿಸಿಕೊಂಡ. ತಪ್ಪು ಹುಡುಕಲು ಕಷ್ಟಪಡಬೇಕಾಗಿರಲಿಲ್ಲ, ಬಾಗಿಲು ಒಂದು ಬೆರಳು ವಾಲಿತ್ತು. ಕಿಟಕಿಯ ಚೌಕಟ್ಟು ಚೌಕವಾಗಿರಲಿಲ್ಲ. ಎರಡು ಮೊಳೆ ಸಾಕಾಗುವ ಕಡೆ ಹನ್ನೆರಡು ಮೊಳೆ ಒತ್ತೊತ್ತಾಗಿ ಕೂತಿದ್ದವು.

"ಇದನ್ನ ಯಾವ ಪುಣ್ಯಾತ್ಮ ಮಾಡಿದ್ದು? ಮೊಳೆ ಹೊಡೆದಿದ್ದಾನೋ, ಹೊಲಿಗೆ ಹಾಕಿದ್ದಾನೋ?"

"ನಾನೇ ಅಣ್ಣ. ಕಟ್ಟಿದವರೇ ಬೀಗದ ಕೈ ಕೊಡೋದು ಇಲ್ಲಿಯ ಪದ್ಧತಿ." ಟೈಲರಮ್ಮನಿಗೆ ಬೇಸರವಾದಂತೆ ಕಾಣಲಿಲ್ಲ, ನಗುತ್ತಲೇ ಇದ್ದಳು. "ಸೂಜಿ ಬಿಟ್ಟು ಬೇರೇನೂ ಹಿಡಿದವಳಲ್ಲ ನಾನು. ಗರಗಸ ಹಿಡಿಯೋದು ಪಕ್ಕದ ಮನೆಯವರು ಹೇಳಿಕೊಟ್ರು. ಒಂದ್ಸಲ ಗಾಳಿಗೆ ತಗಡೆಲ್ಲ ಹಾರಿಹೋಯ್ತು, ಮತ್ತೆ ಮೊದಲಿಂದ ಹಾಕಿದೆ." ಅವಳ ಎಡಗೈ ಹೆಬ್ಬೆರಳಿನಲ್ಲಿ ಹಳೆಯ ಉಗುರು ಬಿದ್ದುಹೋಗಿ ಹೊಸದು ಅರ್ಧ ಬಂದಿತ್ತು.

ಬಡಗಿ ನಾಲಗೆ ಕಚ್ಚಿಕೊಂಡ. ಏನಾದರೂ ಒಳ್ಳೆಯ ಮಾತು ಹೇಳೋಣವೆಂದು ಸುತ್ತ ಹುಡುಕಿದಾಗ ಬಾಗಿಲ ಒಳಚಿಲಕ ಕಣ್ಣಿಗೆ ಬಿತ್ತು. ಸಾಧಾರಣ ಚಿಲಕ. ಆದರೆ ಅದಕ್ಕೆ ಹಿಂದಿನಿಂದ ದಪ್ಪ ಹಲಗೆ ಕೊಟ್ಟು, ಎಂಟು ಸ್ಕ್ರೂಗಳನ್ನು ತಲೆ ಮುಳುಗುವವರೆಗೆ ಬಿಗಿಯಲಾಗಿತ್ತು. ಹಿಡಿದು ಜಗ್ಗಿದ. ಮನೆ ಅಲ್ಲಾಡಿತೇ ಹೊರತು ಚಿಲಕ ಅಲ್ಲಾಡಲಿಲ್ಲ.

"ಇದಕ್ಕೆ ಮಾತ್ರ ಇಷ್ಟು ಬಂದೋಬಸ್ತು ಯಾಕಮ್ಮ?"

"ನಾನು ನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿದ್ದೆ ಅಣ್ಣ. ಬರೋದು ಗಂಡಸೋ ಹೆಂಗಸೋ ನನಗೇನು ಗೊತ್ತಿತ್ತು? ಯಾರೇ ಬರಲಿ, ಚಿಲಕ ಹಾಕಿದ ಮೇಲೆ ಹೆದರಿಕೆ ಇರಬಾರದು ಅಂದ್ಕೊಂಡೆ."

ಬಡಗಿ ಆ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ತನ್ನ ಹೆಸರು ಗೊತ್ತಿಲ್ಲದ, ಮುಖ ನೋಡದ ಒಬ್ಬ ಹೆಂಗಸು ಉಗುರು ಕಳೆದುಕೊಂಡು ತನ್ನ ಹೆದರಿಕೆಗೆ ಚಿಲಕ ಹಾಕಿಟ್ಟಿದ್ದಳು. ಆದರೂ ಸೋಲೊಪ್ಪಲು ಮನಸ್ಸಿಲ್ಲದವನಂತೆ ಕೇಳಿದ. "ನಾನು ಕಟ್ಟೋದಿಲ್ಲ ಅಂದ್ರೆ ಏನ್ಮಾಡ್ತೀರಿ? ಹೊರಗೆ ಹಾಕ್ತೀರಾ?"

"ಛೆ, ಛೆ. ಇದು ನಿಮ್ಮ ಮನೆ. ಯಾರೂ ಏನೂ ಅನ್ನಲ್ಲ. ಮುಂದಿನವರು ಬಂದಾಗ ಮಾತ್ರ ಗೇಟಿಗೆ ನೀವೇ ಹೋಗಬೇಕು. 'ನಿಮಗೆ ಮನೆ ಇಲ್ಲ' ಅಂತ ನೀವೇ ಹೇಳಿ ಕಳಿಸಬೇಕು. ಅಷ್ಟೇ."

"ಇಲ್ಲೀತನಕ ಹಾಗೆ ಎಷ್ಟು ಜನ ಹೇಳಿದ್ದಾರೆ?"

"ಒಬ್ರೂ ಇಲ್ಲ."

ಗೇಟಿನಲ್ಲಿ ಹೇಳಬೇಕಾದ ಆ 'ಇಲ್ಲ'ವನ್ನು ಬಡಗಿ ಎಷ್ಟು ಬಾಗಿಲುಗಳಲ್ಲಿ ಕೇಳಿದ್ದನೋ ಲೆಕ್ಕವಿಲ್ಲ. ಹೇಳಿದವರ ಒಂದು ಮುಖವನ್ನೂ ಅವನು ಮರೆತಿರಲಿಲ್ಲ. ಹೊರಗೆ ಬಂದು ನಿಂತು ಓಣಿಯುದ್ದಕ್ಕೂ ನೋಡಿದ. ಮೂವತ್ತು ಮನೆಗಳಲ್ಲಿ ಒಂದಾದರೂ ನೆಟ್ಟಗಿರಲಿ ಎಂದರೆ ಇಲ್ಲ. ಒಂದು ಎಡಕ್ಕೆ ವಾಲಿದೆ, ಇನ್ನೊಂದರ ಮೆಟ್ಟಿಲು ಸೊಟ್ಟ, ಮತ್ತೊಂದಕ್ಕೆ ಮೂರು ಬಣ್ಣ. ಒಂದೊಂದನ್ನೂ ಯಾರೋ ಒಬ್ಬರು, ಎಂದೂ ಕಾಣದ ಇನ್ನೊಬ್ಬರಿಗೆಂದು ಕಟ್ಟಿದ್ದರು. ದೊಡ್ಡ ದೊಡ್ಡ ಬಂಗಲೆಗಳಿಗೆ ತೇಗದ ಬಾಗಿಲು ಕೂರಿಸಿದ ಕೈ ಅವನದು. ಆದರೂ ಇಂಥ ಕೆಲಸವನ್ನು ಜನ್ಮದಲ್ಲಿ ನೋಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಟೈಲರಮ್ಮ ನೀರಿಗೆಂದು ನಲ್ಲಿಯ ಹತ್ತಿರ ಬಂದಾಗ, ಓಣಿಯ ಕೊನೆಯ ಖಾಲಿ ಜಾಗದಲ್ಲಿ ಬಡಗಿ ನೆಲದ ಮೇಲೆ ಅಂಗಾತ ಮಲಗಿದ್ದ. ಅವಳು ಗಾಬರಿಯಾಗಿ ಕೊಡ ಕೆಳಗಿಟ್ಟು ಓಡಿದಳು.

"ಏನಾಯ್ತಣ್ಣ?"

"ಏನಿಲ್ಲಮ್ಮ, ಮಂಚದ ಅಳತೆ ತಗೊಳ್ತಿದ್ದೆ. ನನ್ನ ಪಾದದ ಹತ್ರ ಒಂದು ಗೆರೆ ಎಳೀರಿ."

ಅವಳು ಕಡ್ಡಿಯಿಂದ ಗೆರೆ ಎಳೆದಳು. ಬಡಗಿ ಎದ್ದು ಮಣ್ಣು ಕೊಡವಿಕೊಂಡು ಆ ಗೆರೆಯನ್ನು ನೋಡಿದ. ಆಮೇಲೆ ಬಗ್ಗಿ, ಅದರಾಚೆಗೆ ಒಂದು ಗೇಣು ಅಳೆದು ಇನ್ನೊಂದು ಗೆರೆ ಎಳೆದ.

"ಅಷ್ಟುದ್ದ ಯಾಕಣ್ಣ?"

"ಬರೋರು ನನಗಿಂತ ಎತ್ತರ ಇದ್ರೆ? ಇಷ್ಟು ದಿನ ಎಲ್ಲೆಲ್ಲೋ ಕಾಲು ಮಡಚ್ಕೊಂಡೇ ಮಲಗಿರ್ತಾರಮ್ಮ."